ಸದಾಶಿವಪ್ಪನ ಸೆರೆಯ ಪುಸ್ತಕಗಳು

ಶಿಕಾರಿಪುರ ದಾಟಿ ಶಿರಾಳಕೊಪ್ಪದ ರಸ್ತೆ ಹಿಡಿದರೆ ಎಡಕ್ಕೆ ಒಂದು ವೇಬ್ರಿಜ್ ಸಿಗುತ್ತದೆ. ಅದರ ಪಕ್ಕದ ಪುಟ್ಟ ಕೋಣೆಯಲ್ಲಿ ಕೂತು ಸದಾಶಿವಪ್ಪ ಹದಿನಾಲ್ಕು ವರ್ಷಗಳಿಂದ ಮೆಕ್ಕೆಜೋಳದ, ಶುಂಠಿಯ ಲಾರಿಗಳನ್ನು ತೂಗುತ್ತಿದ್ದ. ಒಂದು ಲಾರಿ ಹೋಗಿ ಇನ್ನೊಂದು ಬರುವವರೆಗೆ ಓದುತ್ತಿದ್ದ. ಮೇಜಿನ ಮೇಲೆ ಹಾಳೆ ಸಡಿಲಾದ ಇಂಗ್ಲಿಷ್ ನಿಘಂಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಕೈಯಲ್ಲಿನ ಪುಸ್ತಕ ಮಾತ್ರ ಆ ಧೂಳಿಗೆ ಸೇರಿದ್ದಲ್ಲ. ಕಂದು ಚರ್ಮದ ಹೊದಿಕೆ, ಬೆನ್ನ ಮೇಲೆ ಚಿನ್ನದ ಬಣ್ಣದ ಅಕ್ಷರ.

ಅವೆಲ್ಲ ಸೆರೆಸಿಕ್ಕವರ ಕಥನಗಳು. ಇನ್ನೂರು, ಮುನ್ನೂರು ವರ್ಷಗಳ ಹಿಂದೆ ಅಮೆರಿಕದ ಗಡಿಸೀಮೆಯಲ್ಲಿ ಹೊಸದಾಗಿ ಮನೆ ಹೂಡಿದ್ದ ಬಿಳಿಯರನ್ನು ಅಲ್ಲಿನ ಮೂಲ ಜನ ಹಿಡಿದೊಯ್ದದ್ದುಂಟು. ಜೀವ ಉಳಿಸಿಕೊಂಡು ಬಂದ ಕೆಲವರು ತಮ್ಮ ಪಾಡನ್ನು ಬರೆದು ಅಚ್ಚು ಹಾಕಿಸಿದ್ದರು. ದೆಹಲಿಯ ಒಬ್ಬ ಪ್ರಕಾಶಕ ಆ ಹಳೆಯ ಪ್ರತಿಗಳ ಒಂದೊಂದು ಪುಟದ ಫೋಟೊ ತೆಗೆದು, ಇದ್ದದ್ದು ಇದ್ದ ಹಾಗೆ ಮರುಮುದ್ರಿಸಿ, ಚರ್ಮದ ಬೈಂಡಿಂಗ್ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದ. ಮೂಲ ಪ್ರತಿಯ ಹುಳ ತಿಂದ ತೂತು, ಯಾವುದೋ ಲೈಬ್ರರಿಯ ಮುದ್ರೆ, ಯಾರದೋ ಹೆಬ್ಬೆಟ್ಟಿನ ಕಲೆ ಎಲ್ಲವೂ ಹಾಗೇ ಬರುತ್ತಿದ್ದವು. ಆ ಕಾಲದ ಅಚ್ಚಿನಲ್ಲಿ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆಂದು ತಿಳಿಯದೆ ಮೊದಲ ಪುಸ್ತಕದ ಮೊದಲ ಪುಟಕ್ಕೇ ಸದಾಶಿವಪ್ಪನಿಗೆ ಒಂದು ವಾರ ಹಿಡಿದಿತ್ತು. ಈಗ ಹತ್ತೊಂಬತ್ತು ಪುಸ್ತಕಗಳಾಗಿದ್ದವು. ಚರ್ಮದವೆಂದು ಹೆಂಡತಿ ಜಗದಾಂಬ ಮನೆಯೊಳಗೆ ಬಿಟ್ಟುಕೊಳ್ಳದ ಕಾರಣ ವೇಬ್ರಿಜ್ ಕೋಣೆಯ ಕಬ್ಬಿಣದ ಬೀರುವಿನಲ್ಲೇ ಅವುಗಳ ವಾಸ.

ಇದೇನು ಹುಚ್ಚು ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಸದಾಶಿವಪ್ಪ ಸ್ವತಃ ಸೆರೆಸಿಕ್ಕಿ ಬಂದವನು. 2003ರಲ್ಲಿ ಅವನೂ ಸೊರಬದ ಕಡೆಯ ಕುಪ್ಪಗಡ್ಡೆಯ ಗುಡ್ಡಪ್ಪನೂ ಒಂದೇ ಲಾರಿಯ ಇಬ್ಬರು ಚಾಲಕರಾಗಿ ಬ್ಯಾಡಗಿಯಿಂದ ಒಣಮೆಣಸಿನಕಾಯಿ ಹೇರಿಕೊಂಡು ಈಶಾನ್ಯದ ಗಡಿಗೆ ಹೋಗಿದ್ದರು. ಗುಡ್ಡಗಾಡಿನ ತಿರುವೊಂದರಲ್ಲಿ ಬಂದೂಕು ಹಿಡಿದವರು ಲಾರಿ ನಿಲ್ಲಿಸಿ ಇಬ್ಬರನ್ನೂ ಕಾಡಿಗೆ ನಡೆಸಿಕೊಂಡು ಹೋದರು. ನಲವತ್ತೊಂದನೇ ದಿನ ಸದಾಶಿವಪ್ಪ ತಪ್ಪಿಸಿಕೊಂಡ. ಗುಡ್ಡಪ್ಪ ಬರಲಿಲ್ಲ.

“ಎರಡನೇ ವಾರಕ್ಕೇ ನಮ್ಮನ್ನ ಬ್ಯಾರೆ ಬ್ಯಾರೆ ಮಾಡಿದ್ರು. ಕಡೇ ಸಲ ನೋಡ್ದಾಗ ಗುಡ್ಡಪ್ಪ ಚೆನ್ನಾಗೇ ಇದ್ದ” ಎಂದು ಅವನು ಎಲ್ಲರಿಗೂ ಹೇಳಿದ್ದ. ಆ ಒಂದು ಮಾತನ್ನು ನಂಬಿ ಗುಡ್ಡಪ್ಪನ ಹೆಂಡತಿ ಮೂಕಮ್ಮ ಇಪ್ಪತ್ತೊಂದು ವರ್ಷ ಗಂಡನ ದಾರಿ ಕಾದಿದ್ದಳು.

ಕಳೆದ ಕಾರ್ತಿಕದ ಒಂದು ಮಧ್ಯಾಹ್ನ ಗುಡ್ಡಪ್ಪನ ಮಗಳು ವಾಣಿಶ್ರೀ ವೇಬ್ರಿಜ್‌ಗೆ ಬಂದಳು. ಅಪ್ಪ ಹೋದಾಗ ನಾಲ್ಕು ವರ್ಷದವಳು, ಈಗ ಸೊರಬದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್.

“ಗದ್ದೆ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ ಮಾಮ. ಅವ್ವನ ಹೆಸರಿಗೆ ಆಗ್ಬೇಕು ಅಂದ್ರೆ ಅಪ್ಪ ಇಲ್ಲ ಅಂತ ಕೋರ್ಟು ಹೇಳಬೇಕಂತೆ, ಅರ್ಜಿ ಹಾಕಿದೀವಿ. ಅಪ್ಪನ್ನ ಕೊನೇ ಸಲ ನೋಡಿದ್ದು ನೀವೇ ಅಲ್ವಾ, ನಿಮ್ಮದೊಂದು ಅಫಿಡವಿಟ್ ಬೇಕಂತೆ.”

ವಕೀಲರು ಟೈಪ್ ಮಾಡಿಸಿದ ಹಾಳೆಯಲ್ಲಿ ಮೂರು ಜಾಗ ಖಾಲಿ ಇದ್ದವು. ಕೊನೆಯ ಸಲ ಯಾವಾಗ ನೋಡಿದ್ದು, ಎಲ್ಲಿ, ಯಾವ ಸ್ಥಿತಿಯಲ್ಲಿ. ಕೆಳಗೆ ‘ಪ್ರಮಾಣ ಮಾಡಿ ಹೇಳುತ್ತೇನೆ’ ಎಂಬ ಸಾಲು. ಸದಾಶಿವಪ್ಪ ಅದನ್ನು ಎರಡು ಸಲ ಓದಿದ. ಅಷ್ಟರಲ್ಲಿ ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು. ಬದುಕಿದೆ ಎಂಬಂತೆ ಎದ್ದು ಹೋದ.

ಲಾರಿಯ ಚಕ್ರ ತಟ್ಟೆಯ ಮೇಲೆ ಸರಿಯಾಗಿ ಕೂತಿದೆಯೋ ಎಂದು ನೋಡುತ್ತಿದ್ದವನ ಕಣ್ಣು ಕಿಟಕಿಯ ಗಾಜಿನತ್ತ ಹೋಯಿತು. ವಾಣಿಶ್ರೀ ಮೇಜಿನ ಮೇಲಿದ್ದ ಪುಸ್ತಕ ತೆರೆದಿದ್ದಳು. ಸುಮ್ಮನೆ ಪುಟ ಮಗುಚುತ್ತಿದ್ದವಳು ಒಂದು ಕಡೆ ನಿಂತಳು. ಬೀರುವಿನಿಂದ ಇನ್ನೊಂದು ತೆಗೆದಳು. ಆಮೇಲೆ ಮತ್ತೊಂದು. ಅವಳು ಓದುತ್ತಿಲ್ಲ, ಹುಡುಕುತ್ತಿದ್ದಾಳೆ ಎಂದು ಅವನಿಗೆ ಅರಿವಾಯಿತು.

ಒಳಗೆ ಬಂದಾಗ ಮೂರು ಪುಸ್ತಕಗಳು ತೆರೆದು ಬಿದ್ದಿದ್ದವು.

“ಇಷ್ಟು ದಪ್ಪ ಪುಸ್ತಕದಲ್ಲಿ ಒಂದೇ ಕಡೆ ಪೆನ್ಸಿಲ್ ಗೆರೆ ಎಳೆದಿದೀರಿ” ಎಂದಳು ವಾಣಿಶ್ರೀ. ದನಿ ತಗ್ಗಿತ್ತು. “ಇದರಲ್ಲಿ ಒಬ್ಬಳು ನಡೆಯೋಕಾಗದ ಅಕ್ಕನ್ನ ಕಾಡಲ್ಲೇ ಬಿಟ್ಟು ಬರ್ತಾಳೆ, ಅಲ್ಲಿ ಗೆರೆ. ಇದರಲ್ಲಿ ಒಬ್ಬ ಜ್ವರ ಬಂದ ಗೆಳೆಯನ್ನ ಬಿಟ್ಟು ಹೊಳೆ ದಾಟ್ತಾನೆ, ಅಲ್ಲೊಂದು. ಇದರಲ್ಲೂ ಅದೇ. ಮಾಮ, ನಮ್ಮಪ್ಪನ್ನ ಅವರು ಬೇರೆ ಕಡೆ ಒಯ್ದರಾ? ಇಲ್ಲ, ನೀವು ಬಿಟ್ಟು ಬಂದ್ರಾ?”

“ಏನ್ರೀ ಯಜಮಾನ್ರೇ, ಚೀಟಿ ಕೊಡ್ರಿ, ಲೇಟಾಕೈತಿ!” ಎಂದು ಹೊರಗಿನಿಂದ ಲಾರಿಯವನು ಕೂಗಿದ.

ಸದಾಶಿವಪ್ಪ ಚೀಟಿ ಹರಿದು ಕಿಟಕಿಯಿಂದಾಚೆ ಕೊಟ್ಟ. ಅವಳತ್ತ ತಿರುಗದೆಯೇ ಹೇಳಿದ: “ಬಿಟ್ಟು ಬಂದೆ, ಮಗಾ.”

ಅವಳು ಹಾಳೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. “ಉಳಿದದ್ದು ನನಗೆ ಹೇಳಬೇಡಿ. ಭಾನುವಾರ ಬಂದು ಅವ್ವನ ಮುಂದೆ ಹೇಳಿ. ನೀವು ಬರಲಿಲ್ಲ ಅಂದ್ರೆ ನಾನೇ ಹೇಳ್ತೀನಿ.”

ಭಾನುವಾರಕ್ಕೆ ನಾಲ್ಕು ದಿನವಿತ್ತು. ಎರಡನೇ ದಿನ ಜಗದಾಂಬಳಿಗೆ ಹೇಳಿದ. ಆದರೆ ಅಲ್ಲೂ ಒಂದನ್ನು ಬದಲಾಯಿಸಿದ. ಗುಡ್ಡಪ್ಪನಿಗೆ ಜ್ವರದಲ್ಲಿ ಎಚ್ಚರವೇ ಇರಲಿಲ್ಲ ಎಂದ. ಜಗದಾಂಬ “ನಾನೂ ಬರ್ತೀನಿ. ಒಬ್ರೇ ಹೋಗ್ಬ್ಯಾಡ್ರಿ” ಎಂದಳು.

ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಕುಪ್ಪಗಡ್ಡೆ ಮುಟ್ಟಿದಾಗ ಹನ್ನೊಂದು ಗಂಟೆ. ಮೂಕಮ್ಮ ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ಹಣೆಯ ಮೇಲೆ ಕಾಸಗಲ ಕುಂಕುಮ. ಬಂದವರನ್ನು ನೋಡಿ ಮುಖ ಅರಳಿಸಿ, “ಬಾ ಸದಾಶಿವಣ್ಣ, ಅತ್ತಿಗೇನೂ ಬಂದಾರೆ!” ಎಂದಳು. ವಾಣಿಶ್ರೀ ಬಾಗಿಲಿಗೆ ಒರಗಿ ನಿಂತಳು. ಅವ್ವನಿಗೆ ಏನನ್ನೂ ಹೇಳಿರಲಿಲ್ಲ.

ಸದಾಶಿವಪ್ಪ ಜಗುಲಿಯ ಅಂಚಿನಲ್ಲಿ ಕೂತು ನೆಲ ನೋಡುತ್ತ ಹೇಳತೊಡಗಿದ. ಅವರನ್ನು ಯಾರೂ ಬೇರೆ ಮಾಡಿರಲಿಲ್ಲ. ನಲವತ್ತೊಂದು ದಿನವೂ ಒಂದೇ ಬಿದಿರಿನ ಗುಡಿಸಲಲ್ಲಿ ಇದ್ದರು. ಗುಡ್ಡಪ್ಪನ ಪಾದಕ್ಕೆ ಬಿದಿರಿನ ಮೊನೆ ಚುಚ್ಚಿ, ಕೀವಾಗಿ, ಮೊಣಕಾಲಿನವರೆಗೂ ಬಾವು ಬಂದಿತ್ತು. ಕೊನೆಯ ದಿನ ಮಧ್ಯಾಹ್ನ ಕಾವಲಿನ ಇಬ್ಬರು ಹಳ್ಳಕ್ಕೆ ಹೋದರು, ಮೂರನೆಯವನು ತೂಕಡಿಸುತ್ತಿದ್ದ. ಸದಾಶಿವಪ್ಪ ಗುಡ್ಡಪ್ಪನ ಕಂಕುಳಿಗೆ ಕೈಕೊಟ್ಟು ಒಂದು ಸಲ ಎತ್ತಿ ನೋಡಿದ. ಆಗಲಿಲ್ಲ. ನೀರಿನ ಬಿದಿರುಗೊಳವೆಯನ್ನು ಅವನ ತಲೆಯ ಹತ್ತಿರ ಇಟ್ಟು ಹೊರಗೆ ಬಂದ. ಮೂರು ದಿನದ ಮೇಲೆ ಪೊಲೀಸರನ್ನು ಕರೆದುಕೊಂಡು ಅಲ್ಲಿಗೆ ಹೋದಾಗ ಗುಡಿಸಲು ಸುಟ್ಟು ಬೂದಿಯಾಗಿತ್ತು, ಯಾರೂ ಇರಲಿಲ್ಲ.

ಮೂಕಮ್ಮನ ಕೈ ಭತ್ತದ ಮೇಲೆ ನಿಂತುಬಿಟ್ಟಿತ್ತು.

“ನೀನು ಹೊರಟಾಗ ಅವರಿಗೆ ಎಚ್ಚರ ಇತ್ತಾ?”

“ಇರ್ಲಿಲ್ಲಂತೆ ತಂಗಿ, ಜ್ವರ...” ಎಂದು ಜಗದಾಂಬ ಮುಂದಾಗಿ ಹೇಳಿದಳು.

ಅಲ್ಲಿಗೇ ಬಿಡಬಹುದಿತ್ತು. ಮೂವರೂ ತನ್ನನ್ನೇ ನೋಡುತ್ತಿದ್ದಾರೆಂದು ಸದಾಶಿವಪ್ಪನಿಗೆ ತಲೆ ಎತ್ತದೆಯೂ ಗೊತ್ತಾಗುತ್ತಿತ್ತು. ಹತ್ತೊಂಬತ್ತು ಪುಸ್ತಕಗಳಲ್ಲಿ ಅವನು ಹುಡುಕಿದ್ದು ಇದೊಂದನ್ನೇ: ಬಿಟ್ಟು ಬಂದವರು ಅದನ್ನು ಯಾವ ಮಾತಿನಲ್ಲಿ ಹೇಳಿಕೊಂಡರು ಎಂದು. ಎಲ್ಲರೂ ದೇವರ ಇಚ್ಛೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದರು.

“ಇತ್ತು” ಎಂದ. “ಕಣ್ಣು ಬಿಟ್ಕಂಡೇ ಇದ್ದ. ಬಾಗ್ಲಾಗೆ ತಿರುಗಿ ನೋಡ್ದೆ, ನನ್ನೇ ನೋಡ್ತಿದ್ದ. ಕೂಗ್ಲಿಲ್ಲ. ನಾನೂ ಏನೂ ಅನ್ಲಿಲ್ಲ.”

ಜಗದಾಂಬ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂಕಮ್ಮ ಎದ್ದು ಒಳಗೆ ಹೋದಳು. ವಾಣಿಶ್ರೀ ಹಿಂದೆ ಹೋಗಲು ಹೊರಟವಳು ಹೊಸ್ತಿಲಲ್ಲೇ ನಿಂತಳು. ಬಹಳ ಹೊತ್ತಿನ ಮೇಲೆ ಮೂಕಮ್ಮ ಹೊರಗೆ ಬಂದು ಅವನ ಎದುರಿಗೆ ನಿಂತಳು.

“ಕೂಗಿದ್ರೆ ಕಾವಲಿನವ ಏಳ್ತಿದ್ದ. ನೀನಾದ್ರೂ ಮನೆ ಮುಟ್ಲಿ ಅಂತ ಬಾಯಿ ಕಟ್ಕಂಡ್ರು ನಮ್ಮನೆಯವರು. ನೀನು ಮುಟ್ಟಿದೆ. ಶಿಕಾರಿಪುರದಿಂದ ಇಲ್ಲಿಗೆ ಬರೋಕೆ ನಿನಗೆ ಇಪ್ಪತ್ತೊಂದು ವರ್ಷ ಬೇಕಾಯ್ತಾ? ಬಸ್ಸಿನ ಸದ್ದಾದಾಗೆಲ್ಲ ನಾನು ಬೀದಿ ಬಾಗಿಲಿಗೆ ಬರ್ತಿದ್ದೆ, ಗೊತ್ತಾ ನಿನಗೆ?”

ಅವಳು ಉತ್ತರಕ್ಕೆ ಕಾಯಲಿಲ್ಲ. “ಹೋಗು ಈಗ” ಎಂದಳು. ಅವರು ಅಂಗಳ ದಾಟುವಾಗ ಹಿಂದಿನಿಂದ ಕರೆದಳು: “ಒಂದೇ ದಿನದ್ದು ಹೇಳಿದೀಯ. ಇನ್ನು ನಲವತ್ತು ದಿನ ಉಳೀತಲ್ಲ. ಅದನ್ನೂ ಹೇಳಬೇಕು ನೀನು.”

ಸೋಮವಾರ ಸೊರಬದಲ್ಲಿ ಸದಾಶಿವಪ್ಪ ಅಫಿಡವಿಟ್‌ಗೆ ಸಹಿ ಹಾಕಿದ. ವಾಣಿಶ್ರೀ ಮೂರು ಜಾಗಗಳನ್ನೂ ಓದಿ ನೋಡಿ ವಕೀಲರ ಕೈಗೆ ಕೊಟ್ಟಳು. ಅವಳು ಅವನೊಂದಿಗೆ ಇವತ್ತಿಗೂ ಅಗತ್ಯವಿದ್ದಷ್ಟು ಮಾತ್ರ ಮಾತಾಡುತ್ತಾಳೆ. ಕೋರ್ಟಿನ ಆದೇಶ ಬಂದು ಪಹಣಿಯಲ್ಲಿ ಮೂಕಮ್ಮನ ಹೆಸರು ಕೂತಿತು.

ಅಂದಿನಿಂದ ಅವನು ತಿಂಗಳಿಗೊಂದು ಭಾನುವಾರ ಕುಪ್ಪಗಡ್ಡೆಗೆ ಹೋಗುತ್ತಾನೆ. ಒಂದೊಂದು ಸಲ ಅರ್ಧ ಕೇಳಿ ಮೂಕಮ್ಮ ಎದ್ದು ಹೋಗಿಬಿಡುತ್ತಾಳೆ; ಅವನು ಸ್ವಲ್ಪ ಹೊತ್ತು ಕೂತಿದ್ದು ಬಸ್ ಹಿಡಿಯುತ್ತಾನೆ. ಮೊನ್ನೆ ಸೆರೆಯ ಹನ್ನೊಂದನೇ ದಿನದ ಮಾತು. ಕಾವಲಿನವರು ಬೇಯಿಸಿದ್ದನ್ನು ತಿನ್ನಲಾಗದೆ ಗುಡ್ಡಪ್ಪ ತಾನೇ ಎದ್ದು ಒಲೆ ಮುಂದೆ ಕೂತು ಸಾರು ಮಾಡಿದ್ದನಂತೆ.

“ಸುಳ್ಳು” ಎಂದಳು ಮೂಕಮ್ಮ. “ಈ ಮನೇಲಿ ಒಂದಿನ ಸೌಟು ಮುಟ್ಟಿದವರಲ್ಲ.”

“ಮಾಡಿದ್ದ ತಂಗಿ. ಉಪ್ಪು ಜಾಸ್ತಿ ಆಗಿತ್ತು.”

ಅವಳು “ಹಂಗಾದ್ರೆ ಇರಬಹುದು” ಎಂದು, ಮುಂದಿನದು ಹೇಳು ಎನ್ನುವಂತೆ ಅವನ ಮುಖ ನೋಡಿದಳು.