ಬೆಲ್ಲದಂಗಡಿಯಲ್ಲಿ ಬೆಲೆಯ ಜಾತಕ

ಶನಿವಾರಸಂತೆ ಎಂಬ ಊರಿನಲ್ಲಿ ಯಾರಾದರೂ ಹೊಸ ಫೋನು, ಪ್ರಿಂಟರು, ಪವರ್ ಬ್ಯಾಂಕು, ಕಡೆಗೆ ಒಂದು ಇಯರ್‌ಫೋನು ಕೊಳ್ಳಬೇಕೆಂದರೂ ಮೊದಲು ಬೆಲ್ಲ ಕೊಳ್ಳಬೇಕು. ಈ ವಿಷಯದಲ್ಲಿ ಊರಿಗೆಲ್ಲ ಕೊನೆಯ ಮಾತು ರುದ್ರಮ್ಮನದು. ಆ ರುದ್ರಮ್ಮ ಸಂತೆಯಲ್ಲಿ ಬೆಲ್ಲ, ಹುಣಸೆಹಣ್ಣು, ಕಾಳು ಮಾರುವ ಹೆಂಗಸು. ಸುಮ್ಮನೆ ಬಂದು ಫೋನು ಮುಂದೆ ಹಿಡಿದರೆ ಆಕೆ ತಲೆಯನ್ನೇ ಎತ್ತುವುದಿಲ್ಲ. ಅರ್ಧ ಕೆಜಿ ಬೆಲ್ಲ ತೂಗಿಸಿಕೊಂಡರೆ ಮಾತ್ರ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, "ಎಷ್ಟು ಹೇಳ್ತಾವ್ನೆ?" ಎಂದು ಕೇಳುತ್ತಾಳೆ. ಹೇಳುವುದು ಅಂಗಡಿಯವನೋ ವೆಬ್‌ಸೈಟೋ ಎಂಬುದು ಆಕೆಗೆ ಮುಖ್ಯವಲ್ಲ. ಮಾರುವವರೆಲ್ಲ ಆಕೆಯ ಪಾಲಿಗೆ 'ಅವನು'.

ಐವತ್ತೆಂಟು ವರ್ಷದ ಈ ಹೆಂಗಸಿಗೆ ಈ ವಿದ್ಯೆ ಹತ್ತಿದ್ದು ಆರು ವರ್ಷದ ಹಿಂದೆ. ಗಂಡ ಪರಮೇಶಪ್ಪನಿಗೆ ಒಂದು ಚಾರ್ಜಿಂಗ್ ಟಾರ್ಚು ತರಿಸಲು ಹೊರಟಾಗ ಗಿರಾಕಿಯೊಬ್ಬ ಒಂದು ವೆಬ್‌ಸೈಟು ತೋರಿಸಿದ. ವಸ್ತುವಿನ ಲಿಂಕನ್ನು ಅಲ್ಲಿ ಹಾಕಿದರೆ ಸಾಕು, ಕಳೆದ ಒಂದು ವರ್ಷದಲ್ಲಿ ಅದರ ಬೆಲೆ ಯಾವತ್ತು ಏರಿತು, ಯಾವತ್ತು ಇಳಿಯಿತು ಎಂಬುದೆಲ್ಲ ಗೆರೆ ಎಳೆದು ತೋರಿಸುತ್ತದೆ. ರುದ್ರಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. 'ಅರ್ಧ ಬೆಲೆ' ಎಂದು ಕೆಂಪಕ್ಷರದಲ್ಲಿ ಕೂಗುತ್ತಿದ್ದ ಟಾರ್ಚಿನ ಬೆಲೆ ಹದಿನೈದು ದಿನದ ಹಿಂದಷ್ಟೇ ಏರಿತ್ತು. ಏರಿಸಿದವನೇ ಈಗ ಇಳಿಸಿ ಉಪಕಾರ ಮಾಡಿದವನಂತೆ ನಿಂತಿದ್ದ. "ಅಯ್ಯೋ ಇವನ! ಇವನೂ ನಮ್ಮ ಸಂತೆಯೋನೇ!" ಎಂದು ಆಕೆ ತೊಡೆ ತಟ್ಟಿ ನಕ್ಕಳು. ಅಂದಿನಿಂದ ಆ ಗೆರೆಗೆ 'ಜಾತಕ' ಎಂದು ಹೆಸರಿಟ್ಟಳು. ಊರವರಿಗೂ ಅದೇ ರೂಢಿಯಾಯಿತು. ಈಗ ಪೇಟೆಯಲ್ಲಿ ಫ್ರಿಜ್ಜಿಗೂ ಜಾತಕ, ಸ್ಮಾರ್ಟ್ ವಾಚಿಗೂ ಜಾತಕ.

ಆಕೆಯ ಬೇರೆ ಸೂತ್ರಗಳೂ ಇವೆ. ಜನ ಬರೆದ ಅಭಿಪ್ರಾಯಗಳಲ್ಲಿ ಮೂರು ಸ್ಟಾರಿನವನ್ನು ಮಾತ್ರ ಓದುತ್ತಾಳೆ. ಐದು ಕೊಟ್ಟವರು ಮಾರುವವನ ನೆಂಟರು, ಒಂದು ಕೊಟ್ಟವರು ಕೊರಿಯರ್‌ನವನ ಜೊತೆ ಜಗಳವಾಡಿದವರು ಎಂಬುದು ಆಕೆಯ ನಂಬಿಕೆ. ಪವರ್ ಬ್ಯಾಂಕನ್ನು ಬೆಲ್ಲದ ಅಚ್ಚಿನ ಹಾಗೆ ಅಂಗೈಯಲ್ಲಿ ತೂಗಿ ನೋಡಿ, "ಇದರೊಳಗೆ ಗಾಳಿ ತುಂಬವ್ನೆ, ವಾಪಸ್ ಕಳ್ಸು" ಎನ್ನುತ್ತಾಳೆ. ಅರ್ಜಿ ಹಾಕುವ ಮಕ್ಕಳ ಫೋಟೋವನ್ನು ಐವತ್ತು ಕೆಬಿಗೆ ಇಳಿಸಿ ಕೊಡುವುದು, ನಾಲ್ಕು ಕಾಗದ ಸೇರಿಸಿ ಒಂದು ಪಿಡಿಎಫ್ ಮಾಡುವುದು, ಇವೆಲ್ಲ ಬೆಲ್ಲದ ಜೊತೆ ಪುಕ್ಕಟೆ.

ಇಷ್ಟೆಲ್ಲ ತಿಳಿದ ರುದ್ರಮ್ಮನ ಸ್ವಂತ ಫೋನಿನ ಗಾಜು ಮಾತ್ರ ಮೂರು ಕಡೆ ಬಿರುಕು ಬಿಟ್ಟಿದೆ. ಹಿಂದಿನ ಮುಚ್ಚಳ ಬೀಳದಿರಲಿ ಎಂದು ರಬ್ಬರ್ ಬ್ಯಾಂಡ್ ಸುತ್ತಿದ್ದಾಳೆ. ಹೊಸದೊಂದನ್ನು ಗುರುತು ಮಾಡಿಟ್ಟು ನಾಲ್ಕು ವರ್ಷವಾಯಿತು. ಇನ್ನೂ ಸ್ವಲ್ಪ ಇಳಿಯಲಿ ಎಂದು ಕಾಯುತ್ತಾಳೆ. ಆ ಮಾದರಿ ಮಾರುಕಟ್ಟೆಯಿಂದಲೇ ಮಾಯವಾಗುತ್ತದೆ, ಆಕೆ ಇನ್ನೊಂದನ್ನು ಗುರುತು ಮಾಡುತ್ತಾಳೆ.

ಆಕೆಯ ಈ ಕೀರ್ತಿ ಕಂಡರೆ ಉರಿದು ಬೀಳುವವನು ಊರಿಗೆ ಒಬ್ಬನೇ, ಮುಖ್ಯರಸ್ತೆಯಲ್ಲಿ ಕಂಪ್ಯೂಟರ್ ಮತ್ತು ಮೊಬೈಲ್ ಅಂಗಡಿ ಇಟ್ಟಿರುವ ಧರ್ಮೇಶ್. ಜನ ಅವನ ಅಂಗಡಿಗೆ ಬಂದು, ಫ್ಯಾನಿನ ಕೆಳಗೆ ಕೂತು, ವಸ್ತುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಡಬ್ಬದ ಮೇಲಿನ ನಂಬರಿನ ಫೋಟೋ ಹೊಡೆದುಕೊಂಡು ನೇರ ಬೆಲ್ಲದಂಗಡಿಗೆ ಹೋಗುತ್ತಿದ್ದರು. ರೋಸಿಹೋದ ಧರ್ಮೇಶ್ 'ಇಲ್ಲಿ ಫೋಟೋ ತೆಗೆಯಬಾರದು' ಎಂದು ಬೋರ್ಡು ಹಾಕಿಸಿದ. ಮಾರನೆಯ ದಿನದಿಂದ ಜನ ನಂಬರನ್ನು ಅಂಗೈ ಮೇಲೆ ಬರೆದುಕೊಳ್ಳತೊಡಗಿದರು. ಮೂರು ವರ್ಷದಿಂದ ಅವನೂ ರುದ್ರಮ್ಮನೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚರಂಡಿ ನೋಡುತ್ತಿದ್ದರು.

ಹೀಗಿರುವಾಗ ಪಕ್ಕದ ಮನೆಯ ಸೌಜನ್ಯಳಿಗೆ ಲ್ಯಾಪ್‌ಟಾಪ್ ಬೇಕಾಯಿತು.

ಸೌಜನ್ಯ ಸೋಮವಾರಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡಿಕೊಂಡಿದ್ದಳು. ಅಂಗಡಿ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಈಗ ಮೈಸೂರಿನ ಒಂದು ಸಂಸ್ಥೆ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ, ಯಂತ್ರ ಓದಿ ತಪ್ಪುತಪ್ಪಾಗಿ ಇಳಿಸಿದ ಅಕ್ಷರಗಳನ್ನು ತಿದ್ದುವ ಕೆಲಸವನ್ನು ಮನೆಯಲ್ಲೇ ಕೂತು ಮಾಡುವವರಿಗೆ ಕೊಡುತ್ತಿತ್ತು. ಸೌಜನ್ಯ ಆಯ್ಕೆಯಾಗಿದ್ದಳು. ಆದರೆ ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸ್ವಂತ ಲ್ಯಾಪ್‌ಟಾಪ್ ಹಿಡಿದು ಆನ್‌ಲೈನ್ ತರಬೇತಿಗೆ ಕೂರಬೇಕು. ಕೂರದಿದ್ದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ. ಕೈಯಲ್ಲಿ ಮೂವತ್ತು ಸಾವಿರವಿತ್ತು, ಒಂದು ಪೈಸೆ ಹೆಚ್ಚಿಲ್ಲ.

ಅದೇ ಹೊತ್ತಿಗೆ ಐದು ದಿನದ ದೊಡ್ಡ ಆನ್‌ಲೈನ್ ಸೇಲೊಂದು ಬಂತು. ರುದ್ರಮ್ಮ ಜಾತಕ ತೆಗೆದು, ಮೂರು ಸ್ಟಾರಿನವರನ್ನೆಲ್ಲ ಓದಿ, ಒಂದು ಲ್ಯಾಪ್‌ಟಾಪ್ ಆರಿಸಿಕೊಟ್ಟಳು. ಮಂಗಳವಾರ ಅದು ಇಪ್ಪತ್ತೊಂಬತ್ತೂವರೆ ಸಾವಿರಕ್ಕೆ ಇಳಿಯಿತು. ಸೌಜನ್ಯ ಓಡಿಬಂದಳು.

"ದೊಡ್ಡಮ್ಮ, ತಗಂಬಿಡ್ಲಾ?"

"ಏನ್ ಅವಸರ ಕಣೆ ನಿಂಗೆ? ಸೇಲು ಮುಗಿಯದು ನಾಳೆ ಸಂಜೆ ಆರಕ್ಕೆ. ಮುಗಿಯೋ ಹೊತ್ತಿಗೆ ತಾನಾಗೇ ಇಳಿಸ್ತಾನೆ. ಐದೂವರೆವರ್ಗೂ ತಡಿ."

ಹಾಗೆ ಹೇಳಲು ಆಕೆಗೆ ಮೂವತ್ತೈದು ವರ್ಷದ ಸಂತೆಯ ಅನುಭವವಿತ್ತು. ಬೆಳಿಗ್ಗೆ ಹೇಳಿದ ಬೆಲೆ ಸಂಜೆ ಇರುವುದಿಲ್ಲ. ಹೊತ್ತು ಇಳಿಯುತ್ತ ಬಂದಂತೆ, ಲಾರಿಯವನು ಹಾರ್ನ್ ಹೊಡೆಯತೊಡಗಿದಂತೆ, ಉಳಿದ ಟೊಮೆಟೊ ಹೊತ್ತು ಹಿಂದಕ್ಕೆ ಒಯ್ಯುವುದಕ್ಕಿಂತ ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಪ್ರತಿ ವ್ಯಾಪಾರಿಗೂ ಅನ್ನಿಸುತ್ತದೆ. ರುದ್ರಮ್ಮ ಮನೆಗೆ ತರಕಾರಿ ಕೊಂಡಿದ್ದೆಲ್ಲ ದೀಪ ಹಚ್ಚುವ ಹೊತ್ತಿಗೇ. ಸೌಜನ್ಯಳಿಗೂ ಇದು ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ, ಹಾಗಾಗಿ ಎದುರಾಡಲಿಲ್ಲ.

ಬುಧವಾರ ನಾಲ್ಕು ಗಂಟೆಯಿಂದ ಇಬ್ಬರೂ ರುದ್ರಮ್ಮನ ಮನೆಯ ಜಗಲಿಯ ಮೇಲೆ ಕೂತರು. ನಾಲ್ಕೂವರೆಗೂ ಅದೇ ಬೆಲೆ. "ಈಗ ನೋಡು ಮಜಾ" ಎಂದು ರುದ್ರಮ್ಮ ಎಲೆಯಡಿಕೆ ಹಾಕಿಕೊಂಡಳು. ಐದು ಹತ್ತಕ್ಕೆ ಸೌಜನ್ಯ ಮತ್ತೆ ಪುಟ ತೆರೆದಾಗ ಬೆಲೆಯೇ ಇರಲಿಲ್ಲ. ಆ ಜಾಗದಲ್ಲಿ 'ಸ್ಟಾಕ್ ಇಲ್ಲ' ಎಂದಿತ್ತು.

ರುದ್ರಮ್ಮ ತನ್ನ ಒಡೆದ ಫೋನಿನಲ್ಲಿ ನೋಡಿದಳು. ಸೌಜನ್ಯಳ ಫೋನಿನಲ್ಲಿ ಇನ್ನೊಮ್ಮೆ ನೋಡಿದಳು. ಬೇರೆ ಲ್ಯಾಪ್‌ಟಾಪ್‌ಗಳನ್ನು ಹುಡುಕಿದಳು. ಮೂವತ್ತರೊಳಗಿನ ಒಳ್ಳೆಯವೆಲ್ಲ ಖಾಲಿ, ಉಳಿದವು ಬರುವುದು ಮುಂದಿನ ಬುಧವಾರ. ಆಗ ಆಕೆಗೆ ಹೊಳೆಯಿತು. ಈ ವ್ಯಾಪಾರಿಗೆ ಹೊತ್ತುಕೊಂಡು ಹೋಗಲು ಮೂಟೆಯೇ ಇಲ್ಲ, ಕಾಯುವ ಲಾರಿಯೂ ಇಲ್ಲ. ಇವನಿಗೆ ಸಂಜೆ ಎಂಬುದೇ ಇಲ್ಲ. ಇಷ್ಟು ಸಣ್ಣ ವಿಷಯ ಆರು ವರ್ಷದಲ್ಲಿ ತನ್ನ ತಲೆಗೆ ಹೋಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಪರವಾಗಿಲ್ಲ ಬಿಡಿ ದೊಡ್ಡಮ್ಮ" ಎಂದಳು ಸೌಜನ್ಯ. ಬೈದಿದ್ದರೆ ರುದ್ರಮ್ಮನಿಗೆ ಎಷ್ಟೋ ವಾಸಿಯಿತ್ತು. ಆ ಹುಡುಗಿ ಕಣ್ಣು ಒರೆಸಿಕೊಂಡು ಎದ್ದು ಹೋದದ್ದನ್ನು ನೋಡಿ ಆಕೆಗೆ ಊಟ ಸೇರಲಿಲ್ಲ. ಪರಮೇಶಪ್ಪ ಎರಡು ಸಲ ಕರೆದ. "ನೀವ್ ಉಣ್ಣಿ" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಗುರುವಾರ ಬೆಳಿಗ್ಗೆ ಎದ್ದವಳೇ ಹೊಸ ಫೋನಿಗೆಂದು ಕೂಡಿಟ್ಟಿದ್ದ ದುಡ್ಡನ್ನು ಸೊಂಟದ ಚೀಲಕ್ಕೆ ಸೇರಿಸಿಕೊಂಡು, ಸೌಜನ್ಯಳನ್ನು ಕರೆದುಕೊಂಡು ಹೊರಟಳು. ಎಲ್ಲಿಗೆ ಎಂದು ಹೇಳಲಿಲ್ಲ. ಮುಖ್ಯರಸ್ತೆಯಲ್ಲಿ ಧರ್ಮೇಶನ ಅಂಗಡಿಯ ಮುಂದೆ ನಿಂತಾಗ ಸೌಜನ್ಯಳೇ ಗಾಬರಿಯಾದಳು. ಮೂರೇ ಮೆಟ್ಟಿಲು. ಆದರೆ ರುದ್ರಮ್ಮನಿಗೆ ಹತ್ತಲು ಮೊಣಕಾಲಿಗಿಂತ ಮಾನ ಅಡ್ಡ ಬಂತು. ಊರೆಲ್ಲ ನೋಡುತ್ತಿದೆ ಎಂದೇ ಅನ್ನಿಸಿತು. ಎದುರಿನ ಟೀ ಅಂಗಡಿಯವನು ನಿಜವಾಗಿಯೂ ನೋಡುತ್ತಿದ್ದ.

ಧರ್ಮೇಶ್ ಆಗಷ್ಟೇ ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ. ತಿರುಗಿ ನೋಡಿದವನ ಕೈ ಅಲ್ಲೇ ನಿಂತಿತು.

"ಬನ್ನಿ ರುದ್ರಕ್ಕ. ಫೋಟೋ ತಗಳಕ್ಕೆ ಬಂದ್ರಾ?"

"ಇಲ್ಲ ಕಣಪ್ಪ. ಲ್ಯಾಪ್‌ಟಾಪ್ ತಗಳಕ್ಕೆ." ರುದ್ರಮ್ಮ ಗಾಜಿನ ಕಪಾಟಿನಲ್ಲಿದ್ದುದನ್ನು ಬೆರಳಿನಿಂದ ತೋರಿಸಿದಳು. ಅದೇ ಮಾದರಿ. "ಎಷ್ಟು?"

"ಮೂವತ್ನಾಲ್ಕು ಸಾವಿರ."

ಸೌಜನ್ಯ ಬೆಚ್ಚಿ ದೊಡ್ಡಮ್ಮನ ಸೆರಗು ಜಗ್ಗಿದಳು. ರುದ್ರಮ್ಮ ಲೆಕ್ಕಿಸದೆ ಸೊಂಟದ ಚೀಲ ಬಿಚ್ಚಿ, "ಮೂವತ್ತು ಇವಳದು. ಮಿಕ್ಕಿದ್ದು ನಂದು, ದಂಡ. ಕಟ್ಟು" ಎಂದಳು.

ಧರ್ಮೇಶ್ ದುಡ್ಡು ಮುಟ್ಟಲಿಲ್ಲ. ಏನೋ ಬರಬೇಕಾದ್ದು ಬರಲಿಲ್ಲ ಎಂಬಂತೆ ಕಾದ.

"ಅಷ್ಟೇನಾ?"

"ಅಷ್ಟೇನಾ ಅಂದ್ರೆ?"

"ಕಮ್ಮಿ ಮಾಡು ಅನ್ನಲ್ವಾ?"

"ಇಲ್ಲ."

"ಜಾತಕ ತೆಗೀರಿ ಅಕ್ಕ."

"ತೆಗಿಯಲ್ಲ. ಬೆಲೆ ನೋಡ್ತಾ ಕೂತೇ ಈ ಹುಡುಗಿ ಕೆಲಸಕ್ಕೆ ಕಲ್ಲು ಹಾಕ್ದೆ. ತಪ್ಪು ನಂದು. ನೀನು ಹೇಳಿದಷ್ಟು ತಗೋ."

ಈಕೆ ಒಂದಲ್ಲ ಒಂದು ದಿನ ತನ್ನ ಮೆಟ್ಟಿಲು ಹತ್ತುತ್ತಾಳೆ, ಆಗ ಏನೇನು ಅನ್ನಬೇಕು ಎಂದು ಧರ್ಮೇಶ್ ಮೂರು ವರ್ಷದಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ಈಗ ಅದನ್ನೆಲ್ಲ ಬಿಟ್ಟು ಕೈ ಮುಗಿದ. ಅವನ ಮುಖ ಕೆಂಪಾಯಿತು.

"ಅಕ್ಕ, ನೋಡಿ, ನಾನು ಮೂವತ್ನಾಲ್ಕು ಅಂದಿದ್ದೇ ನೀವು ಕೇಳ್ತೀರ ಅಂತ. ನೀವು ಕೇಳ್ದೆ ಕೊಟ್ಟೋದ್ರೆ ನಾನು ಕಳ್ಳ ಆಗ್ತೀನಿ. ಇನ್ನೂ ಬೋಣಿ ಬೇರೆ ಆಗಿಲ್ಲ. ದಿನದ ಮೊದಲ ವ್ಯಾಪಾರ ಹಿಂಗಾದ್ರೆ ಹೆಂಗೆ? ಕೇಳಿ ಅಕ್ಕ, ದಯವಿಟ್ಟು ಕೇಳಿ."

ರುದ್ರಮ್ಮ ಅವನನ್ನು ದಿಟ್ಟಿಸಿದಳು. ನಿನ್ನೆ ಸಂಜೆಯಿಂದ ಕುಗ್ಗಿದ್ದ ಜೀವ ಮೆಲ್ಲಗೆ ನೆಟ್ಟಗಾಯಿತು. ಸ್ಟೂಲು ಎಳೆದು ಕೂತಳು.

"ಇಪ್ಪತ್ತೆಂಟು."

"ಅಯ್ಯೋ ಶಿವನೇ, ನಂಗೆ ಬಂದಿರೋದೇ ಮೂವತ್ತೊಂದಕ್ಕೆ!"

"ಬಿಲ್ ತೋರ್ಸು."

ಆಮೇಲೆ ನಡೆದದ್ದು ನೋಡುವಂತಿತ್ತು. ಇಪ್ಪತ್ತು ನಿಮಿಷ ಇಬ್ಬರೂ ಮನಸಾರೆ ಹೊಡೆದಾಡಿದರು. ರುದ್ರಮ್ಮ ಎರಡು ಸಲ ಎದ್ದು ಬಾಗಿಲವರೆಗೆ ಹೋದಳು, ಧರ್ಮೇಶ್ ಎರಡು ಸಲವೂ ಕರೆದ. ಎದುರಿನ ಟೀ ಅಂಗಡಿಯವನು ಕೇಳದೆಯೇ ಮೂರು ಟೀ ತಂದಿಟ್ಟು, ವಾಪಸ್ ಹೋಗದೆ ಅಲ್ಲೇ ನಿಂತ. ಕಡೆಗೆ ಮೂವತ್ತೊಂದೂವರೆ, ಜೊತೆಗೊಂದು ಬ್ಯಾಗು, ಒಂದು ಮೌಸು ಎಂದಾಯಿತು. ಧರ್ಮೇಶ್ ಅಲ್ಲೇ ಕೂತು ಕನ್ನಡ ಟೈಪಿಂಗ್ ಹಾಕಿ, ಮೈಸೂರಿನವರು ಹೇಳಿದ್ದನ್ನೆಲ್ಲ ಇಳಿಸಿ, ಸೌಜನ್ಯಳ ಕೈಯಲ್ಲಿ ನಾಲ್ಕು ಸಾಲು ಬರೆಸಿ ನೋಡಿದ.

"ನಿಮ್ಮ ವೆಬ್‌ಸೈಟಿನವನು ಇಷ್ಟು ಮಾಡ್ಕೊಡ್ತಾನಾ ರುದ್ರಕ್ಕ?"

"ಇಲ್ಲ ಕಣೋ" ಎಂದು ರುದ್ರಮ್ಮ ಒಪ್ಪಿಕೊಂಡಳು. "ಅವನು ಟೀನೂ ಕುಡಿಸಲ್ಲ."

ಸೋಮವಾರ ಹತ್ತಕ್ಕೆ ಐದು ನಿಮಿಷ ಮೊದಲೇ ಸೌಜನ್ಯ ತರಬೇತಿಗೆ ಕೂತಳು. ಪಕ್ಕದ ಮನೆಯಲ್ಲಿ ರುದ್ರಮ್ಮ ಮಿಕ್ಸಿ ಹಾಕಲು ಬಂದ ಸೊಸೆಯನ್ನು ಗದರಿಸಿ, ಒಂದು ಗಂಟೆಯವರೆಗೆ ಮನೆಯಲ್ಲಿ ಯಾರೂ ಸದ್ದು ಮಾಡದಂತೆ ಕಾವಲು ಕೂತಳು.

ಇದಾಗಿ ಎರಡು ತಿಂಗಳ ಮೇಲೆ ಒಂದು ಶನಿವಾರ. ಸಂಬಳ ಕೈಗೆ ಬಂದ ಖುಷಿಯಲ್ಲಿ ಸೌಜನ್ಯ ಸಂತೆಗೆ ಬಂದಳು. ಬೆಲ್ಲದಂಗಡಿಯ ಮುಂದೆ ಎಂದಿನಂತೆ ಜನ. ಹುಚ್ಚಮ್ಮ ಎಂಬ ಮುದುಕಿ ಅರ್ಧ ಕೆಜಿ ಬೆಲ್ಲ ಕಟ್ಟಿಸಿಕೊಂಡು, ಮೊಮ್ಮಗಳಿಗೆ ಟ್ಯಾಬು ಕೊಡಿಸಬೇಕು ಎಂದು ಚೀಟಿ ಮುಂದಿಟ್ಟಳು. ರುದ್ರಮ್ಮ ಕೈ ಒರೆಸಿಕೊಂಡು ಕನ್ನಡಕ ಏರಿಸಿದಳು. ಆದರೆ ಬೆಲೆ ಕೇಳಲಿಲ್ಲ.

"ಯಾವತ್ತಿಗೆ ಬೇಕು?"

"ಮುಂದಿನ ವಾರ ಪರೀಕ್ಷೆ ಕಣವ್ವ."

"ಹಂಗಾರೆ ಧರ್ಮೇಶನತ್ರ ಹೋಗು. ನಾನು ಕಳ್ಸಿದೆ ಅನ್ನು. ಕೇಳ್ದೆ ಮಾತ್ರ ತಗಬ್ಯಾಡ, ಪಾಪ, ಅವನಿಗೆ ಬೇಜಾರಾಗ್ತದೆ."

ಸೌಜನ್ಯಳಿಗೆ ನಗು ಬಂತು. ಆ ಚೀಟಿಯ ಪಕ್ಕದಲ್ಲಿ ದೊಡ್ಡಮ್ಮನ ಫೋನು ಬಿದ್ದಿತ್ತು. ಗಾಜಿನಲ್ಲಿ ಈಗ ನಾಲ್ಕನೆಯ ಬಿರುಕು. ರಬ್ಬರ್ ಬ್ಯಾಂಡು ಮಾತ್ರ ಹೊಸದು. ಹೊಸ ಫೋನಿನ ದುಡ್ಡಿನಲ್ಲಿ ಒಂದು ಭಾಗ ತನ್ನ ಲ್ಯಾಪ್‌ಟಾಪಿಗೆ ಹೋದದ್ದು ಅವಳಿಗೆ ನೆನಪಿತ್ತು.

"ನಿಮಗೆ ಯಾವತ್ತಿಗೆ ಬೇಕು ದೊಡ್ಡಮ್ಮ?"

"ಏನು?"

"ಫೋನು."

ರುದ್ರಮ್ಮ ಫೋನು ಎತ್ತಿಕೊಂಡಳು. ಅಭ್ಯಾಸದಂತೆ ಜಾತಕ ತೆರೆಯಲು ಹೋದ ಹೆಬ್ಬೆರಳು ಬಿರುಕಿನ ಮೇಲೆ ನಿಂತಿತು. ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ. ಫೋನನ್ನು ಸೊಂಟದ ಚೀಲಕ್ಕೆ ತುರುಕಿ, ಮೂಟೆಗೆ ಒರಗಿ ತೂಕಡಿಸುತ್ತಿದ್ದ ಗಂಡನನ್ನು ಕೂಗಿದಳು.

"ರೀ, ತಕ್ಕಡಿ ನೋಡ್ಕಳಿ ಒಂದ್ ಗಳಿಗೆ."

"ಎಲ್ಲಿಗೆ? ಸಂತೆ ಇನ್ನೂ ಈಗ ಕೂಡ್ತಾ ಐತೆ" ಎಂದ ಪರಮೇಶಪ್ಪ, ಕಣ್ಣುಜ್ಜಿಕೊಳ್ಳುತ್ತ.

"ಧರ್ಮೇಶನ ಅಂಗಡಿಗೆ. ನಂಗೆ ಫೋನು ಇವತ್ತೇ ಬೇಕು" ಎಂದು ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.