ನಲ್ಲಿಯ ಕೆಳಗೆ ಕೂತವಳ ಮಗಳು

ಅವಳ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು, ನಮ್ಮ ಯಜಮಾನರು ಬದುಕಿದ್ದಾಗ, ಇಸ್ತ್ರಿಗೆ ಒಯ್ದ ಅಂಗಿಯನ್ನು ಹಾಗೇ ಮುದುರಿಕೊಂಡು ವಾಪಸ್ ತಂದ ದಿನ. ಬೀದಿ ಮೂಲೆಯಲ್ಲಿ ಇಸ್ತ್ರಿ ಮಾಡೋಕೆ ಹೊಸದಾಗಿ ಒಬ್ಬಳು ಬಂದಿದ್ದಾಳೆ, ಪೆಟ್ಟಿಗೆಯೊಳಗಿನ ಕೆಂಡಕ್ಕಿಂತ ನಾಲಿಗೆ ಮೇಲಿರೋದೇ ಜಾಸ್ತಿ, ಅಂದರು. ಇವರು "ಏ ಕರಿಯಮ್ಮ" ಅಂತ ಕೂಗಿದ್ದರಂತೆ. ಅವಳು ಅಂಗಿಯನ್ನು ಮುಖಕ್ಕೇ ಎಸೆದಳಂತೆ. ನಾನು ಆಚೆ ತಿರುಗಿ ನಕ್ಕೆ. ಮಾರನೇ ದಿನ ನಾನೇ ಹೋಗಿ "ಅಕ್ಕಾ" ಅಂದೆ. ಕೊನೆಯವರೆಗೂ ಅಕ್ಕನೇ ಆದಳು.

ಅವಳ ಜನ ಕಡಲಾಚೆಯವರು. ಗಿರಣಿ ಕೆಲಸಕ್ಕೆ ಅಂತ ಅಜ್ಜನ ಕಾಲದಲ್ಲಿ ಹಡಗು ಹತ್ತಿ ಬಂದವರು. ಎಣ್ಣೆಗಪ್ಪು ಮೈ, ಬಾಚಣಿಗೆಗೆ ಬಗ್ಗದ ಗುಂಗುರು ಕೂದಲು. ಅವಳವ್ವ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ಮೈ ತೊಳೆಯಲು ಬೆಳ್ಳಗಿನ ಹೆಂಗಸರಿಗೆ ನಲ್ಲಿ ಇತ್ತು, ಇವರಿಗೆ ಇಲ್ಲ. ಕರೀ ಮೈ ಮೇಲೆ ಮಸಿ ಯಾರಿಗೆ ಕಾಣುತ್ತೆ ಅಂತ ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದನಂತೆ. ಒಂದು ದಿನ ಅವ್ವ ಆ ನಲ್ಲಿಯ ಕೆಳಗೇ ಹೋಗಿ ಕೂತಳು. ಎಳೆದರು, ಒದ್ದರು, ಏಳಲಿಲ್ಲ. ಉಳಿದವರೂ ಬಂದು ಕೂತರು. ಗಿರಣಿ ನಿಂತಿತು, ನೀರು ಸಿಕ್ಕಿತು. ಇದನ್ನು ಅಕ್ಕ ಇಸ್ತ್ರಿ ಮಾಡುತ್ತಲೇ ಹೇಳುವಳು. ಒದ್ದ ಮಾತು ಬಂದಾಗ ಯಾರದೋ ಕಾಲರಿನ ಮೇಲೆ ಪೆಟ್ಟಿಗೆ ನಿಂತುಬಿಡುತ್ತಿತ್ತು. ಅವ್ವನದು ಅಂತ ಒಂದು ಫೋಟೋ ಇರಲಿಲ್ಲ.

ಒಬ್ಬ ಮೇಷ್ಟ್ರು ಇದನ್ನು ಕೇಳಿ ಪುಸ್ತಕ ಬರೆದರು, ಇದ್ದದ್ದು ಇದ್ದ ಹಾಗೆ. ನನಗೆ ಓದು ಅಷ್ಟಕ್ಕಷ್ಟೆ, ಅಕ್ಕನ ಮಗ ಓದಿ ಹೇಳಿದ. ಆಮೇಲೆ ಸಿನಿಮಾದವರು ಬಂದರು. ಅವ್ವನ ಪಾತ್ರಕ್ಕೆ ಹಾಲಿನಂಥ ಹುಡುಗಿ. ನಮ್ಮವ್ವ ಕಪ್ಪಗಿದ್ದಳು, ಇವಳ್ಯಾಕೆ ಅಂತ ಅಕ್ಕ ಡೈರೆಕ್ಟರನ್ನು ಹಿಡಿದು ನಿಲ್ಲಿಸಿ ಕೇಳಿದಳು. "ನೋವಿಗೆ ಬಣ್ಣ ಇರುತ್ತಾ ಅಮ್ಮ?" ಅಂದನಂತೆ ಆ ಜಾಣ. ನೀವೇ ಹೇಳಿ, ಬೆಳ್ಳಗಿದ್ದವಳಿಗೆ ನಲ್ಲಿ ಮೊದಲೇ ಇತ್ತಲ್ಲ, ಅವಳು ಹೋಗಿ ಅಲ್ಲಿ ಕೂರೋದ್ಯಾಕೆ?

ಪಿಕ್ಚರ್ ಬಂತು, ಇಬ್ಬರೂ ಹೋದೆವು. ಆ ಹುಡುಗಿಗೆ ಮಸಿ ಬಳಿದಿದ್ದರು. ಕೊನೆಗೆ ನಲ್ಲಿ ಬಿಟ್ಟರು, ಮಸಿ ಇಳಿಯಿತು, ಒಳಗಿಂದ ಚಂದ್ರನಂಥ ಮುಖ ಬಂತು. ಜನ ಶಿಳ್ಳೆ ಹೊಡೆದರು. ಅಂದರೆ ಅಕ್ಕನ ಅವ್ವನ ಕಪ್ಪು ಬರೀ ಕೊಳೆ, ತೊಳೆದರೆ ಹೋಗುತ್ತಿತ್ತು ಅಂತಾಯಿತು. ಅವರ ಕೈ ಸೇದಿಹೋಗ.

ಅಕ್ಕ ಅಳಲಿಲ್ಲ. ಹೊರಗೆ ಮುಂದಿನ ಆಟಕ್ಕೆ ನಿಂತವರ ಸಾಲಿನ ಉದ್ದಕ್ಕೂ ತನ್ನ ಮುಖ ತೋರಿಸುತ್ತಾ, ನಮ್ಮವ್ವ ಹೀಗಿದ್ದಳು, ಸರಿಯಾಗಿ ನೋಡ್ಕೊಳ್ಳಿ, ಅಂತ ಹೇಳುತ್ತಾ ನಡೆದಳು. ಒಬ್ಬಳು "ಹುಚ್ಚಿ ಇರಬೇಕು" ಅಂದಳು. ಅವಳಿಗೆ ನಾನು ಅಂದದ್ದನ್ನು ಇಲ್ಲಿ ಹೇಳೋ ಹಾಗಿಲ್ಲ.

ಹೊಟ್ಟೆ ಉರಿಯೋದು ಮುಂದಿನದಕ್ಕೆ. ಅವಳ ಮಗ ಪಾಪದವನು. ಅಜ್ಜಿಯ ಫೋಟೋ ಅಂತೂ ಇಲ್ಲ, ಇದಾದರೂ ಇರಲಿ ಅಂತ ಆ ಹುಡುಗಿಯ ಪೋಸ್ಟರಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. "ನಿನ್ನ ಮುತ್ತಜ್ಜಿ ನೋಡು" ಅಂತ ತನ್ನ ಮಗಳಿಗೆ ತೋರಿಸಿದ. ಪಿಕ್ಚರ್ ನೋಡಿದ್ದ ಆ ಕೂಸು ಒದ್ದೆ ಬಟ್ಟೆ ತಂದು ನಮ್ಮಕ್ಕನ ಕೆನ್ನೆ ಉಜ್ಜತೊಡಗಿತು. ಅಕ್ಕ ಉಜ್ಜಿಸಿಕೊಂಡು ಕೂತಿದ್ದಳು.

ಎದೆನೋವು ಬಂದು ಹಾಸಿಗೆ ಹಿಡಿದಾಗ ಅವಳ ಮಂಚ ಆ ಚಿತ್ರದ ಎದುರಿಗೇ ಇತ್ತು. ನೀರು ಕುಡಿಸಲು ಬಗ್ಗಿದೆ. ಲೋಟ ಆಚೆ ತಳ್ಳಿದಳು.

"ತಂಗಿ, ಮಗನಿಗೆ ಹೇಳೋಕೆ ಬಾಯಿ ಬರ್ತಿಲ್ಲ, ನೊಂದ್ಕೋತಾನೆ. ಸ್ಟೂಲ್ ಹಾಕ್ಕೊಂಡು ನೀನೇ ಅದನ್ನ ಇಳಿಸೇ. ಗೋಡೆ ಬರಿದಾಗೇ ಇರ್ಲಿ."