ಎದೆಯೊಳಗೆ ಹಿಗ್ಗಿದ ಗಾಳಿ

ಆತ ಪಿರಿಯಾಪಟ್ಟಣದ ಕಡೆಯ ರೈತ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಏರಿಸುವಾಗ ಮೇಲಿನ ಅಡ್ಡಮರದಿಂದ ಜಾರಿ, ಕೆಳಗಿನ ಕಬ್ಬಿಣದ ಕೊಳವೆಯ ಮೇಲೆ ಬಿದ್ದಿದ್ದ. ಪಕ್ಕೆಲುಬು ಮುರಿದು ಲಿವರ್ ಹರಿದಿತ್ತು. ಹುಣಸೂರಿನ ಆಸ್ಪತ್ರೆಯಿಂದ ಅವನನ್ನು ಬೆಂಗಳೂರಿಗೆ ಕರೆದೊಯ್ಯಲು ಬಂದ ಹೆಲಿಕಾಪ್ಟರಿನಲ್ಲಿ ನಾನೊಬ್ಬಳೇ ನರ್ಸು.

ಎಕ್ಸ್‌ರೇ ನೋಡಿದೆ. ಶ್ವಾಸಕೋಶದ ಹೊರಗೆ, ಬಲಗಡೆ, ತೆಳ್ಳಗೆ ಗಾಳಿ ಸೇರಿತ್ತು.

"ಸಾರ್, ಮೇಲೆ ಹೋದಂತೆ ಇದು ಹಿಗ್ಗುತ್ತೆ. ಗಾಳಿ ಹೊರಗೆ ಹೋಗೋಕೆ ಎದೆಗೊಂದು ಟ್ಯೂಬ್ ಹಾಕಿಬಿಡಿ," ಎಂದೆ.

"ಇಷ್ಟೇ ಇಷ್ಟು ಗಾಳಿ ಸಿಸ್ಟರ್. ಹೊಟ್ಟೇಲಿ ರಕ್ತ ಸೋರ್ತಿದೆ, ಹೊತ್ತು ಮಾಡ್ಬೇಡಿ," ಎಂದರು ಅಲ್ಲಿನ ಡಾಕ್ಟರು.

ಅವರು ಹೇಳಿದ್ದೂ ಸುಳ್ಳಲ್ಲ. ಆದರೆ ಮಡಿಕೇರಿ ಘಾಟಿ ಹತ್ತುವಾಗ ಬಸ್ಸಿನಲ್ಲಿ ಚಿಪ್ಸ್ ಪೊಟ್ಟಣ ಉಬ್ಬಿಕೊಳ್ಳುವುದನ್ನು ಚಿಕ್ಕಂದಿನಿಂದ ಕಂಡವಳು ನಾನು. ಎತ್ತರಕ್ಕೆ ಹೋದಷ್ಟೂ ಹೊರಗಿನ ಒತ್ತಡ ಇಳಿಯುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಜಾಗ ಕೇಳುತ್ತದೆ. ಗೊತ್ತಿದ್ದೂ ಅವನನ್ನು ಹಾಗೆಯೇ ಹೆಲಿಕಾಪ್ಟರಿಗೆ ಹತ್ತಿಸಿಕೊಂಡೆ.

ಕೆ.ಆರ್. ನಗರದ ಗದ್ದೆಗಳು ಕೆಳಗೆ ಕಾಣುವ ಹೊತ್ತಿಗೆ ಅವನು ನನ್ನ ತೋಳು ಹಿಡಿದ. "ಉಸ್ರು... ಆಯ್ತಾ ಇಲ್ಲ ಕಣಕ್ಕ." ತುಟಿ ನೇರಳೆಯಾಗಿತ್ತು. ಎದೆಯ ಬಲಭಾಗ ಉಬ್ಬಿ ನಿಂತುಬಿಟ್ಟಿತ್ತು. ಜೊತೆಗೆ ಹತ್ತಿದ್ದ ಅವನ ಹೆಂಡತಿ ಕೂಗುತ್ತಿದ್ದಳು, "ಯಾಕಕ್ಕ ಇಂಗಾಡ್ತಾವ್ರೆ? ಏನಾರ ಮಾಡಕ್ಕಾ!"

ಪೈಲಟ್‌ಗೆ ಎತ್ತರ ಇಳಿಸಿ ಹಾರಲು ಹೇಳಿದೆ. ಇಳಿಸಿದರು, ಆದರೂ ಅವನ ರಕ್ತದ ಆಕ್ಸಿಜನ್ ಮಟ್ಟ ಬೀಳುತ್ತಲೇ ಇತ್ತು. ಇನ್ನು ಎದೆಗೆ ಸೂಜಿ ಚುಚ್ಚಿ ಗಾಳಿ ಬಿಡುವುದೇ ಗತಿ. ಅದುವರೆಗೆ ನಾನು ಚುಚ್ಚಿದ್ದು ತರಬೇತಿಯ ಗೊಂಬೆಗೆ ಮಾತ್ರ. ಕಾಲರ್ ಮೂಳೆಯ ಕೆಳಗೆ ಬೆರಳಿಟ್ಟು ಜಾಗ ಹುಡುಕಿ ಚುಚ್ಚಿದೆ. ಏನೂ ಬರಲಿಲ್ಲ. ಅವನ ಕಣ್ಣು ಮೇಲಕ್ಕೆ ತೇಲಿತು. ಮೊಣಕೈಯನ್ನು ಸ್ಟ್ರೆಚರಿಗೆ ಒತ್ತಿ ಹಿಡಿದು, ಉದ್ದನೆಯ ಇನ್ನೊಂದು ಸೂಜಿ ಇಳಿಸಿದೆ. ಎಂಜಿನ್ ಸದ್ದಿಗೆ ಏನೂ ಕೇಳಿಸಲಿಲ್ಲ. ಬೆರಳಿಗೆ ಮಾತ್ರ ಬೆಚ್ಚಗೆ ಗಾಳಿ ತಾಗಿತು. ಅವನು ಒಮ್ಮೆಲೇ ಉಸಿರೆಳೆದುಕೊಂಡ.

ಬೆಂಗಳೂರಿನ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಉಳಿದ. ಮೂರನೆಯ ದಿನ ವಾರ್ಡಿನ ಹೊರಗೆ ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ನಮ್ ಪಾಲಿನ ದೇವ್ರು ಕಣಕ್ಕ," ಎಂದಳು. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಹೀಗಾಗಬಹುದೆಂದು ಹೊರಡುವ ಮೊದಲೇ ನನಗೆ ಅನುಮಾನವಿತ್ತು, ಡಾಕ್ಟರು ಬೇಡವೆಂದ ಮೇಲೆ ಹಟ ಹಿಡಿಯಲಿಲ್ಲ ಎಂದು ಹೇಳಿಬಿಟ್ಟೆ.

"ಗೊತ್ತಿದ್ದೂ ಸುಮ್ಕಿದ್ರಾ?"

ನಿಧಾನವಾಗಿ ಕೈ ಬಿಟ್ಟಳು. ಅವರು ಊರಿಗೆ ಹೊರಟ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಅವನು ನಕ್ಕು ತಲೆಯಾಡಿಸಿದ. ಅವಳು ಬ್ಯಾಗು ಎತ್ತಿಕೊಂಡು ಮುಂದೆ ಹೋದಳು.